ಜೀವ ಉಳಿದ ಮೇಲಿನ ಪ್ರಶ್ನೆ

ಸ್ತನ ಕ್ಯಾನ್ಸರಿಗೆ ತಾವು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ವರದಿಯನ್ನು ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದರು. ಇಡೀ ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆಯುವುದು ಅವರ ಕ್ರಮ. ಹಲವು ದಶಕ ಅದೇ ನಡೆಯಿತು. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂಬ ಧೋರಣೆ.

1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಅವರಿಗೂ ಇದೇ ಶಸ್ತ್ರಚಿಕಿತ್ಸೆಯಾಯಿತು. ಕೈ ಎತ್ತುವುದು ಹೇಗೆ, ಏನು ತೊಡುವುದು, ಗಂಡನ ಜೊತೆ ಮೊದಲಿನಂತೆ ಬಾಳುವುದು ಹೇಗೆ? ಹೇಳುವವರಿರಲಿಲ್ಲ. ಲ್ಯಾಸರ್ ತಾವೇ ಬೇರೆ ರೋಗಿಗಳ ಮಂಚದ ಬಳಿ ಹೋಗತೊಡಗಿದರು. 'ರೀಚ್ ಟು ರಿಕವರಿ' ಹುಟ್ಟಿದ್ದು ಹೀಗೆ.

1978ರಲ್ಲಿ ಸ್ತನ ಕಳೆದುಕೊಂಡ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ ಬಳಿಗೂ ಸ್ವಯಂಸೇವಕಿಯೊಬ್ಬರು ಬಂದರು, ಉಣ್ಣೆಯ ಕೃತಕ ಸ್ತನ ಹಿಡಿದು. ಲಾರ್ಡ್ ಅದನ್ನು ಧರಿಸದೆಯೇ ವೈದ್ಯರಲ್ಲಿಗೆ ಹೋದಾಗ ಅಲ್ಲಿನ ನರ್ಸ್ ಆಕ್ಷೇಪಿಸಿದರು; ಇತರರ ಮನೋಬಲ ಕುಗ್ಗುತ್ತದಂತೆ! 1980ರ 'ದ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಲಾರ್ಡ್ ಈ ಪ್ರಸಂಗವನ್ನೂ ತನ್ನ ದೇಹದ ಬಯಕೆಯನ್ನೂ ಮುಚ್ಚುಮರೆಯಿಲ್ಲದೆ ಬರೆದರು.

ಆರಂಭದ ಹಂತದಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಸಾಧ್ಯತೆ ಕಡಿಮೆಯಾಗದೆಂದು 1985ರಲ್ಲಿ ಬರ್ನಾರ್ಡ್ ಫಿಶರ್ ತಂಡ ತೋರಿಸಿತು. ಸ್ತನ ಉಳಿದರೂ ತೊಂದರೆ ಮುಗಿಯುವುದಿಲ್ಲ. ಕೀಮೋಥೆರಪಿಯಿಂದ ಅಕಾಲದಲ್ಲಿ ಮುಟ್ಟು ನಿಲ್ಲಬಹುದು. ಹಾರ್ಮೋನ್ ತಡೆಯುವ ಕೆಲವು ಮಾತ್ರೆಗಳಿಂದ ಯೋನಿ ಒಣಗಿ ಕೂಡುವಾಗ ನೋವಾಗಬಹುದು. ಗರ್ಭಕೊರಳಿನ ಕ್ಯಾನ್ಸರಿಗೆ ಕೊಡುವ ವಿಕಿರಣದಿಂದ ಯೋನಿಮಾರ್ಗವೇ ಕಿರಿದಾಗುವುದುಂಟು.

ಇದಕ್ಕೆಲ್ಲ ಉಪಾಯಗಳಿವೆ: ತೇವ ಕೊಡುವ ಜೆಲ್, ಮಾರ್ಗವನ್ನು ಹಿಗ್ಗಿಸಿಡುವ ಡೈಲೇಟರ್, ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಆಪ್ತಸಮಾಲೋಚನೆ. ಆದರೆ ನಮ್ಮಲ್ಲಿ ನಡುವೆ 'ಶರಮ್' ಎಂಬ ಪರದೆಯಿದೆ. ಆಕೆ ಕೇಳಲಿ ಎಂದು ಡಾಕ್ಟರು, ಡಾಕ್ಟರೇ ಹೇಳಲಿ ಎಂದು ಆಕೆ. ಅಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕರೆದಿರುತ್ತಾರೆ.