ಹೊಗೆಗೊಂದು ದಾರಿ

ಹಾಸನದ ಅಂಗಡೀಲಿ ಅಡಿಗೆಮನೆ ಚಿಮಣಿ ನೋಡ್ತಾ ಇದ್ದಾಗ ಅಲ್ಲಿಯವರು ಒಂದು ಮಾತು ಕೇಳಿದ್ರು: "ಪೈಪು ಎಲ್ಲಿಂದ ಆಚೆ ಬಿಡ್ತೀರ?" ಬೆಲೆ, ಬಣ್ಣ, ಮೋಟಾರು ಎಲ್ಲಾ ಲೆಕ್ಕ ಹಾಕ್ಕೊಂಡು ಹೋಗಿದ್ದ ನಂಗೆ ಇದೊಂದು ಹೊಳೆದೇ ಇರ್ಲಿಲ್ಲ. ಹೊಳೆನರಸೀಪುರಕ್ಕೆ ವಾಪಸ್ ಬಂದು ಅವ್ವಂಗೆ ಹೇಳಿದ್ರೆ ನಕ್ಕುಬಿಟ್ಲು. "ಹೊಗೆಗೆ ದಾರಿ ಹುಡುಕೋದ್ರಲ್ಲೇ ನಮ್ಮ ಮೂರು ತಲೆ ಸವೆದೋಯ್ತು ಕಣೆ."

ನಿಜಾನೇ. ಅವ್ವ ಹುಟ್ಟಿದ್ದು ಅರಕಲಗೂಡು ಕಡೆ, ನಾಡಹೆಂಚಿನ ಮನೇಲಿ. ಅಲ್ಲಿ ಹೊಗೆಗೆ ಅಂತ ಬೇರೆ ದಾರಿ ಇರ್ಲಿಲ್ಲ, ಹೆಂಚಿನ ಸಂದೀಲೇ ಹೋಗ್ಬೇಕು. ಹೋಗೋ ಮುಂಚೆ ಅಟ್ಟದ ಮೇಲಿನ ಬಿತ್ತನೆ ಜೋಳಕ್ಕೆ ಹುಳ ಬೀಳದಂಗೆ ಕಾಯ್ತಿತ್ತು. ಆದ್ರೆ ಮಳೆಗಾಲದಲ್ಲಿ ಹಸಿ ಸೌದೆಗೆ ಊದುಗೊಳವೆ ಹಿಡಿದು ಕೂತೋರ ಕಣ್ಣು ಯಾರು ಕಾಯ್ಬೇಕು? ನಮ್ಮಜ್ಜಿ ಕೆಮ್ಮು ಒಲೆ ಉರಿಯೋಕೆ ಮುಂಚೆ ಶುರುವಾಗ್ತಿತ್ತಂತೆ. ಆಮೇಲೆ ಮಂಗಳೂರು ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಶನ್ನೋರು ಮಂಗಳೂರಲ್ಲಿ ಶುರು ಮಾಡಿದ ಹೆಂಚು ನಿಧಾನಕ್ಕೆ ಘಟ್ಟ ಹತ್ತಿ ನಮ್ಮೂರಿಗೂ ಬಂತು. ಅದು ಒಂದಕ್ಕೊಂದು ಕಚ್ಚಿ ಕೂರೋ ಹೆಂಚು. ಮಳೆ ಸೋರೋದು ಕಮ್ಮಿಯಾಯ್ತು, ಹೊಗೆ ಹೋಗೋದೂ ಕಮ್ಮಿಯಾಯ್ತು. ಆರ್‌ಸಿಸಿ ಬಂದ್ಮೇಲಂತೂ ಪೂರಾ ಬಂದ್.

ಒಲೆಗೇ ಕೊಳವೆ ಹಚ್ಚೋ ವಿಚಾರ ನಮ್ಮ ನಾಡಲ್ಲಿ ದೊಡ್ಡದಾಗಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ 'ಅಸ್ತ್ರ' ಅಂತ ಒಂದು ಕೇಂದ್ರ ಕಟ್ಟಿದ್ರು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಕೆ. ತುಮಕೂರು ಜಿಲ್ಲೆ ಉಂಗ್ರದಲ್ಲಿ ಹಳ್ಳಿ ಜೊತೆಗೇ ಕೆಲಸ ಮಾಡಿದ್ರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ, ಕೆಳಗೆ ಗಾಳಿ ಬರೋಕೆ ಜಾಲರಿ, ಕೊನೇಲಿ ಸೂರು ದಾಟೋ ಕೊಳವೆ. ಬಿಸಿ ಹೊಗೆ ಮೇಲೇರ್ತಾ ತನ್ನ ಹಿಂದೆ ಹೊಸ ಗಾಳೀನ ಒಲೆಯೊಳಕ್ಕೆ ಎಳ್ಕೊಳ್ತದೆ, ಅಷ್ಟೇ ಗುಟ್ಟು. ಊದೋದು ಬೇಡ, ಸೌದೇನೂ ಉಳೀತದೆ. 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ್ಮೇಲೆ ಕರ್ನಾಟಕದ ಎಷ್ಟೋ ಮನೆಗೆ ಇದು ಬಂತು.

ನಮ್ಮಜ್ಜಿ ಮನೇಗೂ ಬಂತು. ಎರಡು ವರ್ಷ ಅಡಿಗೆಮನೆ ಗೋಡೆ ಸುಣ್ಣದ ಬಣ್ಣದಲ್ಲೇ ಉಳೀತು ಅಂತಾಳೆ ಅವ್ವ. ಆಮೇಲೆ ಕೊಳವೇಲಿ ಕರಿ ಕಟ್ಕೊಳ್ತು. ಸೂರು ಹತ್ತಿ ಗುಡಿಸೋರು ಯಾರು? ಗಂಡಸರಿಗೆ ಅದು ಹೆಂಗಸರ ಒಲೆ, ಹೆಂಗಸರಿಗೆ ಸೂರು ಹತ್ತೋ ಹಂಗಿಲ್ಲ. ಹೊಗೆ ತಿರುಗಿ ಒಳಕ್ಕೇ ಬಂತು. ಅಜ್ಜಿ ಒಂದಿನ ಒಲೆ ಒಡೆದು ಹಳೆ ಕೋಡೊಲೇನೇ ಹಾಕ್ಕೊಂಡ್ಳು. ಒಲೆ ತಪ್ಪೇನಿರ್ಲಿಲ್ಲ, ದಾರಿ ಕಾಯೋರಿರ್ಲಿಲ್ಲ.

ಈಗ ನಮ್ಮನೇಲಿ ಗ್ಯಾಸು. ಹೊಗೆ ಇಲ್ಲ, ಆದ್ರೆ ಒಣಮೆಣಸಿನಕಾಯಿ ಒಗ್ಗರಣೆ ಘಾಟು ಅವ್ವನ ಎದೆಗೆ ಇನ್ನೂ ಆಗಲ್ಲ. ನಮ್ಮ ಮುಂದೆ ಮೂರು ದಾರಿ ಇದ್ವು. ಚನ್ನರಾಯಪಟ್ಟಣದ ತಂಗಿ ಮನೇಲಿರೋದು ಪೈಪಿಲ್ಲದ್ದು. ಇದ್ದಿಲು ಫಿಲ್ಟರಿನಲ್ಲಿ ವಾಸನೆ ತಗ್ಗಿಸಿ ಗಾಳೀನ ಒಳಕ್ಕೇ ಬಿಡ್ತದೆ, ಸೆಕೆ, ಹಬೆ ಅಲ್ಲೇ ಉಳೀತವೆ. ತಾರಸಿ ಮೇಲಕ್ಕೆ ಬಿಟ್ರೆ ಪೈಪು ಉದ್ದ, ಬಾಗು ಎರಡು. ಬಾಗು ಹೆಚ್ಚಾದಷ್ಟೂ ಎಳೆತ ಕಮ್ಮಿ. ಪಕ್ಕದ ಗೋಡೇಲಿ ನೆಟ್ಟಗೆ ಬಿಟ್ರೆ ಗಾಳಿ ಸಲೀಸು, ಆದ್ರೆ ಎದುರಿಗೆ ಪಕ್ಕದ ಮನೆ ಕಿಟಕಿ. ನಮ್ಮ ಘಾಟು ಅವ್ರ ಎದೆಗ್ಯಾಕೆ?

ಕೊನೆಗೆ ಒಲೇನೇ ಹಿತ್ತಲ ಗೋಡೆಗೆ ಸರಿಸಿದ್ವಿ. ಆರಿಂಚು ಪೈಪು, ಒಂದೇ ಬಾಗು, ಹೊರಗೆ ಮಳೆ, ಹಕ್ಕಿ ಬರದಂಗೆ ಮುಚ್ಚಳ. ಒಳಗೆ ಗಾಳಿ ಬರೋಕೆ ಕಿಟಕಿ ಒಂಚೂರು ತೆಗೆದಿರ್ತೀವಿ. ಪೈಪು ಕೂರಿಸ್ತಿದ್ದ ಹುಡುಗನ್ನ ಅವ್ವ ಕೇಳಿದ್ದು ಒಂದೇ: "ಇದ್ನ ಬಿಚ್ಚಿ ತೊಳಿಯಕ್ಕಾಯ್ತದಾ? ನಂಗೆ ಕೈ ಎಟುಕ್ತದಾ?"

ಸ್ಟೂಲ್ ಹಾಕ್ಕೊಂಡ್ರೆ ಎಟುಕ್ತದೆ.