ಎಮಲ್ಷನ್‌ಗಳಲ್ಲಿ ಸ್ಥಳೀಯ ಅರಿವಳಿಕೆಗಳ ಹಂಚಿಕೆ

ಎಮಲ್ಷನ್‌ಗಳಲ್ಲಿ ಸ್ಥಳೀಯ ಅರಿವಳಿಕೆಗಳ ಹಂಚಿಕೆ ಎಂದರೆ ಲಿಡೊಕೇನ್, ಪ್ರಿಲೊಕೇನ್, ಬುಪಿವಕೇನ್ ಮುಂತಾದ ಔಷಧಗಳು ಎಣ್ಣೆ-ನೀರಿನ ಮಿಶ್ರಣದ ಯಾವ ಭಾಗದಲ್ಲಿ ಎಷ್ಟು ಪ್ರಮಾಣದಲ್ಲಿ ನೆಲೆಸುತ್ತವೆ ಎಂಬುದು. ಹಾಲಿನಲ್ಲಿ ಕೊಬ್ಬಿನ ಕಣಗಳು ಹರಡಿರುವಂತೆ ಎಮಲ್ಷನ್‌ನಲ್ಲಿ ಒಂದು ದ್ರವದ ಸೂಕ್ಷ್ಮ ಹನಿಗಳು ಇನ್ನೊಂದರಲ್ಲಿ ಹರಡಿರುತ್ತವೆ. ಚರ್ಮವನ್ನು ಮರಗಟ್ಟಿಸುವ ಕ್ರೀಮುಗಳ ತಯಾರಿಕೆಗೂ ಅರಿವಳಿಕೆಯ ವಿಷಬಾಧೆಯ ಚಿಕಿತ್ಸೆಗೂ ಈ ಹಂಚಿಕೆಯೇ ಆಧಾರ.

ಹಂಚಿಕೆಯ ಕಾರಣ

ಈ ಔಷಧಗಳು ದುರ್ಬಲ ಪ್ರತ್ಯಾಮ್ಲಗಳು. ಇವುಗಳ ವಿದ್ಯುದಾವೇಶವುಳ್ಳ ರೂಪ ನೀರಿನಲ್ಲಿಯೂ ಆವೇಶರಹಿತ ರೂಪ ಎಣ್ಣೆಯಲ್ಲಿಯೂ ಸುಲಭವಾಗಿ ಕರಗುತ್ತದೆ. ಲಿಡೊಕೇನ್‌ನ ಪಿಕೆಎ ಮೌಲ್ಯ ಸುಮಾರು 7.9. ಮಾಧ್ಯಮದ ಪಿಎಚ್ ಇಷ್ಟೇ ಇದ್ದಾಗ ಎರಡೂ ರೂಪಗಳು ಸಮನಾಗಿರುತ್ತವೆ. ಪಿಎಚ್ 9ರಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಆವೇಶರಹಿತವಾಗಿರುತ್ತದೆ. ಚರ್ಮದ ಹೊರಪದರವನ್ನು ದಾಟಬಲ್ಲದ್ದು ಮುಖ್ಯವಾಗಿ ಈ ಆವೇಶರಹಿತ ರೂಪವೇ.

ಲಿಡೊಕೇನ್-ಪ್ರಿಲೊಕೇನ್ ಕ್ರೀಮು

ಲಿಡೊಕೇನ್ ಸುಮಾರು 68° ಸೆ.ನಲ್ಲಿ, ಪ್ರಿಲೊಕೇನ್ ಸುಮಾರು 38° ಸೆ.ನಲ್ಲಿ ಕರಗುವ ಘನವಸ್ತುಗಳು. ಸಮಪ್ರಮಾಣದಲ್ಲಿ ಬೆರೆಸಿದಾಗ ಮಿಶ್ರಣದ ಕರಗುವ ಬಿಂದು ಸುಮಾರು 18° ಸೆ.ಗೆ ಇಳಿಯುತ್ತದೆ. ಆದ್ದರಿಂದ ಕೋಣೆಯ ಉಷ್ಣತೆಯಲ್ಲಿ ಅದು ಎಣ್ಣೆಯಂತೆ ದ್ರವವಾಗಿರುತ್ತದೆ. ಬೇರೆ ಎಣ್ಣೆಯ ಅಗತ್ಯವಿಲ್ಲದೆ ಔಷಧವೇ ಹನಿಯ ರೂಪ ತಾಳುತ್ತದೆ. ಎರಡೂ ಔಷಧಗಳು ತಲಾ ಶೇಕಡ 2.5ರಷ್ಟಿರುವ ಈ ಕ್ರೀಮು 1980ರ ದಶಕದಲ್ಲಿ ಬಳಕೆಗೆ ಬಂದಿತು.

ಇದರಲ್ಲಿ ಔಷಧವು ಹನಿಗಳಲ್ಲಿ, ನೀರಿನಲ್ಲಿ ಮತ್ತು ಎಮಲ್ಷನ್‌ಕಾರಕದ ಅಣುಗುಚ್ಛಗಳಾದ ಮೈಸೆಲ್‌ಗಳಲ್ಲಿ ಹಂಚಿಹೋಗಿರುತ್ತದೆ. ನೀರಿನಲ್ಲಿ ಕರಗಿದ ಭಾಗ ಚರ್ಮದೊಳಕ್ಕೆ ಇಳಿದಂತೆ ಹನಿಗಳು ಆ ಕೊರತೆಯನ್ನು ತುಂಬುತ್ತವೆ. ಎಮಲ್ಷನ್‌ಕಾರಕ ಅತಿಯಾದರೆ ಮೈಸೆಲ್‌ಗಳು ಔಷಧವನ್ನು ಹಿಡಿದಿಟ್ಟು ಚರ್ಮಕ್ಕೆ ದೊರೆಯುವ ಅಂಶ ಕುಗ್ಗಬಹುದು.

ಕ್ರೀಮನ್ನು ದಪ್ಪನಾಗಿ ಹಚ್ಚಿ, ಗಾಳಿಯಾಡದ ಪಟ್ಟಿಯಿಂದ ಸುಮಾರು 60 ನಿಮಿಷ ಮುಚ್ಚಿಡಲಾಗುತ್ತದೆ. ಮಕ್ಕಳಿಗೆ ಸೂಜಿ ಚುಚ್ಚುವ ಮುನ್ನ ನೋವು ತಗ್ಗಿಸಲು ಇದು ನೆರವಾಗುತ್ತದೆ. ಆದರೆ ಪ್ರಿಲೊಕೇನ್‌ನಿಂದ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಂದುವ ಮೆಥೆಮೊಗ್ಲೊಬಿನೀಮಿಯಾ ಉಂಟಾಗಬಹುದಾದ ಕಾರಣ, ಎಳೆಯ ಶಿಶುಗಳಲ್ಲಿ ಪ್ರಮಾಣ, ವಿಸ್ತೀರ್ಣ ಮತ್ತು ಅವಧಿಯ ಮಿತಿಯನ್ನು ಪಾಲಿಸುವುದು ಅಗತ್ಯ.

ವಿಷಬಾಧೆಯ ಚಿಕಿತ್ಸೆ

ಬುಪಿವಕೇನ್ ಆಕಸ್ಮಿಕವಾಗಿ ರಕ್ತನಾಳ ಸೇರಿದರೆ ಸೆಳವು, ಹೃದಯಸ್ತಂಭನ ಉಂಟಾಗಬಹುದು. ಸೋಯಾ ಎಣ್ಣೆಯ ಶೇಕಡ 20ರ ಎಮಲ್ಷನ್ ಇಂತಹ ವಿಷಬಾಧೆಯನ್ನು ತಡೆಯಬಲ್ಲದೆಂದು ಗೈ ವೈನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 2006ರಲ್ಲಿ ಮಾನವನಲ್ಲಿ ಇದರ ಯಶಸ್ವಿ ಬಳಕೆ ವರದಿಯಾಯಿತು. ರಕ್ತದಲ್ಲಿನ ಕೊಬ್ಬಿನ ಹನಿಗಳು ಔಷಧವನ್ನು ಸೆಳೆದುಕೊಂಡು, ಹೃದಯ ಮತ್ತು ಮಿದುಳಿನಿಂದ ಯಕೃತ್ತು, ಸ್ನಾಯುಗಳ ಕಡೆಗೆ ಸಾಗಿಸುತ್ತವೆ ಎಂಬುದು ಪ್ರಚಲಿತ ವಿವರಣೆ. ಹೃದಯದ ಮೇಲೆ ಎಮಲ್ಷನ್‌ನ ನೇರ ಪರಿಣಾಮವೂ ಇದಕ್ಕೆ ಪೂರಕವೆಂದು ಭಾವಿಸಲಾಗಿದೆ.