ನೋಡುಗರ ವಾದಕ್ಕೂ ಒಂದು ಚರಿತ್ರೆಯಿದೆ

ಧಾರಾವಾಹಿಯ ಗುಣದೋಷಗಳ ಬಗ್ಗೆ ವಾದಕ್ಕಿಳಿಯುವವರನ್ನು ಕೆಲಸವಿಲ್ಲದವರೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ನಮ್ಮ ಟೀವಿಯ ನಾಲ್ಕು ದಶಕಗಳ ಚರಿತ್ರೆಯನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಾದಂಬರಿಗೆ, ನಾಟಕಕ್ಕೆ, ಸಿನಿಮಾಕ್ಕೆ ಪತ್ರಿಕೆಗಳಲ್ಲಿ ವಿಮರ್ಶಕರು ಹುಟ್ಟಿಕೊಂಡರು. ವರ್ಷಗಟ್ಟಲೆ ದಿನವೂ ಮನೆಯೊಳಗೆ ಬರುವ ಧಾರಾವಾಹಿಗೆ ಅಂಥ ವಿಮರ್ಶಕರು ಸಿಕ್ಕಿದ್ದು ತೀರಾ ಕಡಿಮೆ. ಆ ಹೊಣೆಯನ್ನು ಹೊತ್ತವರು ನೋಡುಗರೇ. ಮೊದಲು ಅಂಚೆಯಲ್ಲಿ, ಆಮೇಲೆ ಸಭೆಗಳಲ್ಲಿ, ಈಗ ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಅವರು ನಡೆಸುತ್ತ ಬಂದ ಚರ್ಚೆಯೇ ಈ ಕಲೆಗೆ ದಕ್ಕಿರುವ ನಿಜವಾದ ವಿಮರ್ಶೆ.

ಮೊದಲ ದೊಡ್ಡ ಸಾಕ್ಷ್ಯ 'ಹಮ್ ಲೋಗ್'. ಮನೋಹರ ಶ್ಯಾಮ್ ಜೋಶಿ ಬರೆದ ಈ ಧಾರಾವಾಹಿ 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾಗಿ, 156 ಕಂತುಗಳ ನಂತರ 1985ರ ಡಿಸೆಂಬರ್‌ನಲ್ಲಿ ಮುಗಿಯಿತು. ಮನರಂಜನೆಯ ಜೊತೆಗೆ ಕುಟುಂಬ ಯೋಜನೆ, ಹೆಣ್ಣಿನ ಸ್ಥಾನಮಾನದಂಥ ವಿಷಯಗಳನ್ನು ಜನರಿಗೆ ತಲುಪಿಸುವುದು ಅದರ ಗುರಿಯಾಗಿತ್ತು. ಮೊದಲ 13 ಕಂತುಗಳ ಉಪದೇಶ ಜನರಿಗೆ ಹಿಡಿಸಲಿಲ್ಲ. ಅದು ಗೊತ್ತಾದ ಮೇಲೆ ಕುಟುಂಬ ಯೋಜನೆಯ ಮಾತು ಹಿಂದೆ ಸರಿದು ಮನೆಯ ಕಥೆ ಮುಂದೆ ಬಂತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ತೂಗಿ ಪ್ರಶ್ನೆಯನ್ನು ನೋಡುಗರ ಮುಂದಿಡುತ್ತಿದ್ದರು. ಅದಕ್ಕೆ ಉತ್ತರವಾಗಿ ಬಂದ ಪತ್ರಗಳು ಸುಮಾರು ನಾಲ್ಕು ಲಕ್ಷ. ಧಾರಾವಾಹಿಯಲ್ಲಿ ಬರುವ ತಾಯಿ ಭಾಗವಂತಿಯ ವಿಷಯವನ್ನೇ ನೋಡಿ. ಕುಡುಕ ಗಂಡನ ಕಾಟವನ್ನು ತುಟಿಪಿಟಕ್ಕೆನ್ನದೆ ಸಹಿಸುವ ಆಕೆಯನ್ನು 'ಹೀಗೆ ಬಾಳಬಾರದು' ಎಂದು ತೋರಿಸಲೆಂದೇ ರೂಪಿಸಲಾಗಿತ್ತು. ಆದರೆ ಆಕೆಯನ್ನೇ ಆದರ್ಶವೆಂದು ಮೆಚ್ಚಿದವರು ಬಹಳ ಮಂದಿ ಎಂಬುದು ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ನಡೆಸಿದ ಅಧ್ಯಯನದಿಂದ ತಿಳಿಯಿತು. ಬರೆದವರ ಉದ್ದೇಶವೊಂದು, ನೋಡಿದವರಿಗೆ ದಕ್ಕಿದ ಅರ್ಥ ಇನ್ನೊಂದು. ನೋಡುಗರನ್ನು ಕೇಳದೆ ಈ ಅಂತರ ಯಾರಿಗೂ ಕಾಣುತ್ತಿರಲಿಲ್ಲ.

ವಾದ ಅಂಚೆಪೆಟ್ಟಿಗೆಯಲ್ಲೇ ನಿಲ್ಲಲಿಲ್ಲ. 1988ರ ಜುಲೈನಲ್ಲಿ ರಮಾನಂದ ಸಾಗರರ 'ರಾಮಾಯಣ' ಪಟ್ಟಾಭಿಷೇಕಕ್ಕೆ ಮುಗಿದಾಗ, ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಉತ್ತರಕಾಂಡವೂ ಬೇಕೆಂದು ಮುಷ್ಕರ ಹೂಡಿದರು. ತಮ್ಮ ಆದಿಕವಿ ಪಾತ್ರವಾಗಿ ಬರುವ ಭಾಗವನ್ನೇ ಬಿಟ್ಟರೆ ಕಥೆ ಪೂರ್ಣವಾಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಮುಂದೆ 'ಲವ ಕುಶ' ಪ್ರಸಾರವಾಯಿತು. ಅದೇ ವರ್ಷ ಗೋವಿಂದ ನಿಹಲಾನಿಯವರ 'ತಮಸ್' ದೇಶ ವಿಭಜನೆಯ ಹಿಂಸೆಯನ್ನು ತೋರಿಸಿದಾಗ, ಅದು ಮತದ್ವೇಷ ಕೆರಳಿಸುತ್ತದೆ ಎಂಬ ದೂರು ನ್ಯಾಯಾಲಯಕ್ಕೆ ಹೋಯಿತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಧಾರಾವಾಹಿಯನ್ನು ಸ್ವತಃ ನೋಡಿ ಪ್ರಸಾರಕ್ಕೆ ಅನುಮತಿ ಕೊಟ್ಟರು. ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕುವಾಗ, ಕೃತಿಯ ಪರಿಣಾಮವನ್ನು ವಿವೇಕವೂ ದೃಢಮನಸ್ಸೂ ಉಳ್ಳ ಸಾಮಾನ್ಯ ಮನುಷ್ಯನ ಕಣ್ಣಿನಿಂದ ಅಳೆಯಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ನೋಡುಗನ ವಿವೇಕದ ಮೇಲೆ ಇಷ್ಟು ದೊಡ್ಡ ಭರವಸೆಯನ್ನು ಟೀವಿ ಉದ್ಯಮವೂ ಇಟ್ಟಿಲ್ಲ.

ಕನ್ನಡದಲ್ಲಿ ಈ ಪರಂಪರೆಗೆ ಗಟ್ಟಿ ನೆಲೆ ಒದಗಿಸಿದ್ದು 1998ರಲ್ಲಿ ಬಂದ 'ಮಾಯಾಮೃಗ'. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶಿಸಿದ ಈ ದೈನಿಕ ಧಾರಾವಾಹಿ ಮಧ್ಯಮ ವರ್ಗದ ನೈತಿಕ ಗೊಂದಲಗಳನ್ನೇ ಕಥೆಯಾಗಿಸಿತು. 'ಮನ್ವಂತರ', 'ಮುಕ್ತ'ಗಳಲ್ಲಿ ಸೀತಾರಾಮ್ ಅದೇ ದಾರಿಯಲ್ಲಿ ಸಾಗಿದರು. ಅವರ ಕೋರ್ಟ್ ದೃಶ್ಯಗಳಲ್ಲಿ ಎರಡೂ ಕಡೆಯ ವಕೀಲರ ಮಾತಿಗೆ ತೂಕವಿರುತ್ತಿದ್ದುದರಿಂದ ತೀರ್ಪಿಗೂ ಮೊದಲೇ ಮನೆಮನೆಯಲ್ಲಿ ಪಕ್ಷಗಳಾಗುತ್ತಿದ್ದವು. 'ಮುಕ್ತ ಮುಕ್ತ'ದ ಕಾಲದಲ್ಲಿ ತಂಡವೇ ಊರುಗಳಿಗೆ ಹೋಗಿ ನೋಡುಗರೊಡನೆ ಸಂವಾದ ನಡೆಸಿತು. ಚರ್ಚೆಗೆ ಅರ್ಹವಾದದ್ದನ್ನು ಕೊಟ್ಟರೆ ಕನ್ನಡದ ನೋಡುಗ ಚರ್ಚೆಗೆ ಸಿದ್ಧನಿದ್ದಾನೆಂಬುದು ಅಲ್ಲಿ ರುಜುವಾತಾಯಿತು.

ಈ ನಡುವೆ ಟಿಆರ್‌ಪಿ ಬಂದು ಪತ್ರದ ಜಾಗವನ್ನು ಆಕ್ರಮಿಸಿತು. ಆಯ್ದ ಮನೆಗಳ ಮೀಟರುಗಳು ಯಾವ ವಾಹಿನಿ ಎಷ್ಟು ಹೊತ್ತು ಓಡಿತೆಂದು ಹೇಳುತ್ತವೆ; ನೋಡಿದವರು ಮೆಚ್ಚಿದರೋ ಬೈದುಕೊಂಡರೋ ಹೇಳುವುದಿಲ್ಲ. 'ಪುಟ್ಟಗೌರಿ ಮದುವೆ'ಯಲ್ಲಿ ಬೆಟ್ಟದಿಂದ ಬಿದ್ದ ಗೌರಿ ಬದುಕುಳಿದು ಕಾಡಿನಲ್ಲಿ ಅಲೆಯುವ ಪ್ರಸಂಗ ಬಂದಾಗ ಜಾಲತಾಣಗಳಲ್ಲಿ ಟ್ರೋಲ್‌ಗಳ ಸುರಿಮಳೆಯೇ ಆಯಿತು. ಆ ನಗೆಯ ಹಿಂದೆ ಒಂದು ಅಳತೆಗೋಲು ಇತ್ತು: ಬಾಲ್ಯವಿವಾಹದ ನೋವಿನಿಂದ ಶುರುವಾದ ಕಥೆ ತನ್ನ ನಂಬಲರ್ಹತೆಯನ್ನು ಬಿಟ್ಟುಕೊಡಬಾರದು ಎಂಬುದು. 2020ರಲ್ಲಿ ಹಿಂದಿಯಿಂದ ಡಬ್ ಆಗಿ ಬಂದ 'ಮಹಾನಾಯಕ'ವನ್ನು ಸ್ವಾಗತಿಸಿ ಹಳ್ಳಿಹಳ್ಳಿಗಳಲ್ಲಿ ಜನರೇ ಫ್ಲೆಕ್ಸ್ ಕಟ್ಟಿದರು. ಅಂಬೇಡ್ಕರರ ಬದುಕು ತಮ್ಮ ಭಾಷೆಯಲ್ಲಿ ಮನೆಯೊಳಗೆ ಬಂದದ್ದಕ್ಕೆ ಅವರು ಕೊಟ್ಟ ಬೆಲೆ ಅದು. ಅದನ್ನು ಅಳೆಯಲು ಯಾವ ಮೀಟರಿಗೂ ಸಾಧ್ಯವಿಲ್ಲ.

ಆಕ್ಷೇಪಗಳಿವೆ. ಜಾಲತಾಣದಲ್ಲಿ ಬರೆಯುವವರು ಎಲ್ಲ ನೋಡುಗರ ಪ್ರತಿನಿಧಿಗಳಲ್ಲ, ಅಭಿಮಾನಿ ಗುಂಪುಗಳ ಗದ್ದಲವೇ ಹೆಚ್ಚು, ಖಳಪಾತ್ರದ ಸಿಟ್ಟನ್ನು ನಟಿಯ ಮೇಲೆ ತೀರಿಸಿಕೊಳ್ಳುವವರೂ ಇದ್ದಾರೆ ಎನ್ನುತ್ತಾರೆ. ಮೂರೂ ನಿಜ. ನಿಂದನೆಯನ್ನು ನಿಂದನೆಯೆಂದೇ ಕರೆದು ಖಂಡಿಸಬೇಕು. ಆದರೆ ಪತ್ರ ಬರೆದವರೂ ಎಲ್ಲರ ಪ್ರತಿನಿಧಿಗಳಾಗಿರಲಿಲ್ಲ. ವಿಮರ್ಶೆಯ ಬೆಲೆ ಇರುವುದು ಅದು ಕೊಡುವ ಕಾರಣಗಳಲ್ಲಿ, ತಲೆಯೆಣಿಕೆಯಲ್ಲಿ ಅಲ್ಲ. ಇನ್ನೂ ಗಂಭೀರವಾದ ಆಕ್ಷೇಪವೆಂದರೆ, ನೋಡುಗರ ಮಾತಿಗೆ ಮಣಿದರೆ ಬರಹಗಾರನ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂಬುದು. ಕಿವಿಗೊಡುವುದು ಬೇರೆ, ತಲೆಬಾಗುವುದು ಬೇರೆ. ಭಾಗವಂತಿಯನ್ನು ಜನ ಮೆಚ್ಚಿದರೆಂದು ಅವಳ ಸಹನೆಯನ್ನು ಹೊಗಳಬೇಕಾಗಿಲ್ಲ. ತನ್ನ ಮಾತು ಎಲ್ಲಿ ತಲುಪಲಿಲ್ಲವೆಂದು ಬರಹಗಾರ ಅರಿತರೆ ಸಾಕು. ಅವನನ್ನು ನಿಜವಾಗಿ ಕಟ್ಟಿಹಾಕಿರುವುದು ವಾರವಾರ ಬರುವ ಅಂಕಿಗಳೇ.

'ಹಮ್ ಲೋಗ್' ಬಗ್ಗೆ ಇಂದು ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗಿರುವುದು ಅದರ ನೋಡುಗರ ಪತ್ರಗಳನ್ನು ಓದಿ ಅಧ್ಯಯನ ಮಾಡಿದವರಿದ್ದುದರಿಂದ. ಕನ್ನಡ ಧಾರಾವಾಹಿಗಳ ಬಗ್ಗೆ ಜನ ದಿನವೂ ಬರೆಯುತ್ತಿರುವುದನ್ನು ಕೂಡಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳೂ ವಾಹಿನಿಗಳೂ ಈಗಲೇ ಕೈಗೆತ್ತಿಕೊಳ್ಳಬೇಕು. ಇಲ್ಲವಾದರೆ ಮುಂದೆ ಈ ಕಾಲದ ಚರಿತ್ರೆ ಬರೆಯುವವರಿಗೆ ಉಳಿಯುವುದು ಟಿಆರ್‌ಪಿ ಪಟ್ಟಿ ಮಾತ್ರ. ಕನ್ನಡಿಗರು ಎಷ್ಟು ಹೊತ್ತು ಟೀವಿ ನೋಡಿದರೆಂದು ಅದು ಹೇಳೀತು; ನ್ಯಾಯ, ದಾಂಪತ್ಯ, ಜಾತಿಗಳ ಬಗ್ಗೆ ಧಾರಾವಾಹಿಯ ನೆಪದಲ್ಲಿ ಅವರು ಏನೆಲ್ಲ ಯೋಚಿಸಿದರು ಎಂಬುದನ್ನು ಹೇಳದು.